ಬಿದ್ದಲ್ಲಿಂದಲೇ ಆಡುವುದು

ಗಾಲ್ಫ್ ಆಟದ ಕಾಯಿದೆಗಳ ಬಗ್ಗೆ ಬರೆಯಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನನ್ನ ತವರು ಮೇಗರವಳ್ಳಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ಊರು. ಅಲ್ಲಿ ಹುಲ್ಲಿಗೆ ಬರವಿಲ್ಲ, ಇಳಿಜಾರಿಗೆ ಬರವಿಲ್ಲ, ಗುಳಿಗಳಿಗಂತೂ ಇಲ್ಲವೇ ಇಲ್ಲ. ಆದರೂ ಈ ಆಟ ನಮ್ಮ ಕಡೆ ತಲೆ ಹಾಕಲಿಲ್ಲ. ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ಬು ಶುರುವಾಗಿತ್ತಂತೆ; ಮೈಸೂರಿನಲ್ಲಿ, ಕೊಡಗಿನಲ್ಲಿ ಮೈದಾನಗಳಿವೆ. ನಮ್ಮಲ್ಲಿ ಆಷಾಢದಲ್ಲಿ ಯಾರಾದರೂ ಆಡಹೊರಟರೆ ಚೆಂಡು ಉರುಳುವುದಿಲ್ಲ, ತುಂಗೆಯ ದಿಕ್ಕಿಗೆ ತೇಲಿಕೊಂಡು ಹೋದೀತು.

ದೇಶದ ಬಹಳ ಮಂದಿಗೆ ಹೇಗೋ ನನಗೂ ಹಾಗೆಯೇ ಈ ಆಟದ ಪರಿಚಯವಾದದ್ದು 2021ರ ಆಗಸ್ಟ್ 7ರ ಶನಿವಾರ. ಮರುದಿನ ಭೀಮನ ಅಮಾವಾಸ್ಯೆ, ನಾನು ಸಾಗರದಿಂದ ತವರಿಗೆ ಹೋಗಿದ್ದೆ. ಕೊರೋನಾ ಕಾರಣದಿಂದ ತಮ್ಮನ ಮಗ ಬೆಂಗಳೂರು ಬಿಟ್ಟು ಬಂದು ಊರಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಿದ್ದ. ಜಗಲಿಯ ಬಡಗಣ ತುದಿಯಲ್ಲಿ ಮಾತ್ರ ಅವನ ಫೋನಿಗೆ ನೆಟ್‌ವರ್ಕ್ ಸಿಕ್ಕುತ್ತಿತ್ತು. ಅವತ್ತು ನಸುಕಿನಲ್ಲೇ ಅಲ್ಲಿ ಕಂಬಳಿ ಹೊದ್ದು ಕೂತಿದ್ದ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದಾಳೆ ಎಂದ. ವಿಶ್ವದ ಪಟ್ಟಿಯಲ್ಲಿ ಇನ್ನೂರನೆಯ ಜಾಗದಲ್ಲಿದ್ದ, ಇಪ್ಪತ್ತಮೂರರ ಹುಡುಗಿ. ಆಟದ ಕೋಲುಗಳ ಆ ಭಾರದ ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದವಳು ಅವಳ ಅಮ್ಮ. ಆಟದ ಅಕ್ಷರ ಗೊತ್ತಿಲ್ಲದ ನಾನು ಆ ಅಮ್ಮನಿಗಾಗಿ ಕೊನೆಯವರೆಗೂ ನೋಡಿದೆ. ನಡುವೆ ಗುಡುಗುಮಳೆ ಬಂದು ಅಲ್ಲಿ ಆಟ ನಿಂತಿತು. ಇಲ್ಲಿ ಹೇಗೂ ಮಳೆ ನಿಂತಿರಲೇ ಇಲ್ಲ. ಕೊನೆಗೆ ಒಂದೇ ಒಂದು ಹೊಡೆತದ ವ್ಯತ್ಯಾಸದಲ್ಲಿ ಪದಕ ತಪ್ಪಿ ಅವಳು ನಾಲ್ಕನೆಯವಳಾದಳು. ಆಟ ನಡೆಯುವಾಗ ಆಟಗಾರರಿಗೆ ಹೇಗೆ ಹೊಡೆಯಬೇಕೆಂದು ಯಾರೂ ಸಲಹೆ ಕೊಡುವಂತಿಲ್ಲ, ಚೀಲ ಹೊರುವ ಕ್ಯಾಡಿ ಮಾತ್ರ ಕೊಡಬಹುದು ಎಂದು ತಮ್ಮನ ಮಗ ವಿವರಿಸಿದಾಗ ನನಗೆ ಖುಷಿಯಾಯಿತು. ಬೆಳೆದ ಮಗಳಿಗೆ ಬುದ್ಧಿ ಹೇಳುವುದಕ್ಕೆ ತಾಯಿಗೆ ಕಾಯಿದೆಯಲ್ಲೇ ಜಾಗ ಇಟ್ಟಿದ್ದಾರಲ್ಲ, ಅಷ್ಟು ಸಾಕು ಎನಿಸಿತು.

"ಆಟ ಚೆಂದವೇ ಅತ್ತೆ, ಆದ್ರೆ ಕಾಯಿದೆ ಕೆಲವು ಭಾರಿ ಅನ್ಯಾಯದವು" ಎಂದ ಅವನು. ಎರಡು ವರ್ಷದಿಂದ ಕಂಪನಿಯ ಗೆಳೆಯರ ಜೊತೆ ಅವನೂ ಆಡುತ್ತಿದ್ದನಂತೆ. ಆಡುವವರೆಲ್ಲ ಬದಲಾಗಬೇಕೆಂದು ಗೊಣಗುವ ಕಾಯಿದೆಗಳ ದೊಡ್ಡ ಪಟ್ಟಿಯೇ ಅವನ ಬಾಯಲ್ಲಿತ್ತು. ಅದರಲ್ಲಿ ಒಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯಬೇಕು. ಇದು ಗಾಲ್ಫಿನ ಮೂಲಮಂತ್ರ. ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ 1744ರಲ್ಲಿ ಬರೆದಿಟ್ಟ ಹದಿಮೂರು ಕಾಯಿದೆಗಳಲ್ಲೇ, ನಾಯಿಯೋ ಕುದುರೆಯೋ ಅಡ್ಡ ಬಂದು ಚೆಂಡು ನಿಂತರೂ ನಿಂತಲ್ಲಿಂದಲೇ ಆಡಬೇಕು ಎಂದಿದೆಯಂತೆ. ಸರಿ. ಈಗ ನೋಡಿ: ಆಟಗಾರ ಹುಲ್ಲಿನ ಮೇಲಿರುವ ಚೆಂಡನ್ನು ಬೀಸಿ ಹೊಡೆದಾಗ ಅಂಗೈಯಗಲದ ಹುಲ್ಲಿನ ಹೆಂಟೆ ಮಣ್ಣಿನ ಸಮೇತ ಎದ್ದು ಹೋಗುತ್ತದೆ. ಅಲ್ಲೊಂದು ಗುಳಿಯಾಗುತ್ತದೆ, ಡಿವಟ್ ಅನ್ನುತ್ತಾರೆ. ಅವನು ಮುಂದೆ ನಡೆದ. ಹಿಂದೆ ಬರುವವಳು ಸೊಗಸಾಗಿ, ನೇರವಾಗಿ, ಎಲ್ಲಿಗೆ ಹೊಡೆಯಬೇಕೋ ಅಲ್ಲಿಗೇ ಹೊಡೆದಳು. ಚೆಂಡು ಉರುಳಿ ಹೋಗಿ ಅವನ ಗುಳಿಯೊಳಗೆ ಕೂತಿತು. ಅವಳು ಅದನ್ನು ಎತ್ತಿ ಪಕ್ಕಕ್ಕೆ ಇಡುವಂತಿಲ್ಲ. ಗುಳಿಯಿಂದಲೇ ಹೊಡೆಯಬೇಕು. ತಪ್ಪು ಹೊಡೆದವಳಿಗೆ ಶಿಕ್ಷೆಯಾದರೆ ಸರಿ, ಸರಿಯಾಗಿ ಹೊಡೆದದ್ದಕ್ಕೆ ಶಿಕ್ಷೆ!

1998ರ ಅಮೆರಿಕನ್ ಓಪನ್ನಿನಲ್ಲಿ ಪೇನ್ ಸ್ಟುವರ್ಟ್ ಎಂಬಾತ ಕೊನೆಯ ದಿನ ನಾಲ್ಕು ಹೊಡೆತ ಮುಂದಿದ್ದು ಆಟ ಶುರು ಮಾಡಿದ್ದ. ಹನ್ನೆರಡನೆಯ ಗುರಿಯ ಹತ್ತಿರ ಅವನ ಒಳ್ಳೆಯ ಹೊಡೆತವೊಂದು ಹೋಗಿ, ಯಾರೋ ಎಬ್ಬಿಸಿ ಮರಳು ತುಂಬಿದ್ದ ಇಂಥದೇ ಗುಳಿಯಲ್ಲಿ ಬಿತ್ತು. ಕೊನೆಗೆ ಒಂದು ಹೊಡೆತದಿಂದ ಸೋತ. ಗುಳಿಯೊಂದೇ ಕಾರಣ ಎಂದು ಯಾರೂ ಹೇಳಲಾರರು. ಆದರೆ ಇವತ್ತಿಗೂ ಈ ಕಾಯಿದೆಯ ಮಾತು ಬಂದಾಗ ಆಟಗಾರರು ಅವನನ್ನು ನೆನೆಯುತ್ತಾರೆ.

ಕಾಯಿದೆ ಮಾಡುವವರು ಹೇಳುವ ಕಾರಣವೂ ತಳ್ಳಿಹಾಕುವಂಥದ್ದಲ್ಲ. ಅದೃಷ್ಟ ಆಟದ ಭಾಗ. ಕೆಟ್ಟ ಹೊಡೆತ ಮರಕ್ಕೆ ತಾಗಿ ಮೈದಾನದೊಳಕ್ಕೆ ಬಂದಾಗ ಯಾರೂ ದೂರುವುದಿಲ್ಲವಲ್ಲ ಎನ್ನುತ್ತಾರೆ. ಇನ್ನೊಂದು, ಯಾವುದನ್ನು ಡಿವಟ್ ಎನ್ನುವುದು? ಈಗಷ್ಟೇ ಎದ್ದದ್ದನ್ನೋ, ಅರ್ಧ ಹುಲ್ಲು ಚಿಗುರಿದ್ದನ್ನೋ, ಮುಕ್ಕಾಲು ಮುಚ್ಚಿದ್ದನ್ನೋ? ಗೆರೆ ಎಲ್ಲಿ ಎಳೆಯುವುದು? ಈ ಗೆರೆಯ ಪ್ರಶ್ನೆ ಕಷ್ಟದ್ದು. ಆಮೇಲೆ ಅದಕ್ಕೆ ಬರುತ್ತೇನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. "ಗುಳಿ ಮಾಡಿದವನು ಹೆಂಟೆ ವಾಪಸ್ ಕೂರಿಸಿ ಹೋಗೋದಿಲ್ಲವನಾ?" ಎಂದು ಕೇಳಿದೆ. ಕೂರಿಸಬೇಕು, ಇಲ್ಲವೇ ಮರಳು ತುಂಬಬೇಕು, ಅದು ಮರ್ಯಾದೆ ಎಂದ. ಕೂರಿಸದಿದ್ದರೆ? ಕೂರಿಸದಿದ್ದರೆ ಸಾಮಾನ್ಯವಾಗಿ ದಂಡವೇನಿಲ್ಲ. ಅಂದರೆ ಗುಳಿ ತೋಡಿದವನ ಕರ್ತವ್ಯ ಮರ್ಯಾದೆಯ ವಿಷಯ. ಗುಳಿಯಲ್ಲಿ ಬಿದ್ದವಳ ಕರ್ತವ್ಯ ಕಾಯಿದೆಯ ವಿಷಯ. ಅವನು ಮರೆತರೆ ಒರಟ ಅನ್ನಿಸಿಕೊಳ್ಳುತ್ತಾನೆ, ಅಷ್ಟೆ. ಅವಳು ಚೆಂಡನ್ನು ಎರಡು ಬೆರಳು ಆಚೆ ಸರಿಸಿದರೆ ದಂಡ ತೆರುತ್ತಾಳೆ.

ಇದನ್ನು ಕೇಳಿದಾಗ ನನಗೆ ಗಾಲ್ಫ್ ಚೆನ್ನಾಗಿ ಅರ್ಥವಾಯಿತು. ಬಿದ್ದಲ್ಲಿಂದಲೇ ಆಡು ಎನ್ನುವ ಮಾತನ್ನು ನಾವು ಬೇರೆ ಬೇರೆ ಮಾತುಗಳಲ್ಲಿ ಕೇಳಿಕೊಂಡೇ ಬಂದವರು. ಹಣೆಯಲ್ಲಿ ಬರೆದದ್ದು, ಪಡೆದುಕೊಂಡು ಬಂದದ್ದು, ಹೊಂದಿಕೊಂಡು ಹೋಗಬೇಕು. ಹೊಂದಿಕೊಳ್ಳುವುದನ್ನು ನಾನು ಹಗುರ ಮಾಡುವವಳಲ್ಲ. ಮಲೆನಾಡಿನಲ್ಲಿ ಹುಟ್ಟಿದವಳಿಗೆ ಅದು ಗೊತ್ತಿರಲೇಬೇಕು. ಮಳೆ ಹಿಡಿದರೆ ಹಿಡಿಯಿತು. ಕೊಳೆರೋಗ ಬಂದು ಅಡಿಕೆ ಉದುರಿದರೆ ಉದುರಿತು. ಹೆಕ್ಕಿ, ಮುಂದಿನ ಕೆಲಸ ನೋಡುವುದು. ಮಳೆಯ ಮೇಲೆ ತಕರಾರು ಹೇಳುವವರನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ. ಆದರೆ ಮಳೆ ಮಾಡಿದ ಗುಳಿ ಬೇರೆ, ಮನುಷ್ಯ ಮಾಡಿ ಮುಚ್ಚದೆ ಹೋದ ಗುಳಿ ಬೇರೆ. ಎರಡಕ್ಕೂ ಹಣೆಬರಹ ಎಂದು ಒಂದೇ ಹೆಸರಿಟ್ಟರೆ, ಮುಚ್ಚದೆ ಹೋದವನಿಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ತಮಾಷೆಯೆಂದರೆ ಈ ವ್ಯತ್ಯಾಸ ಗಾಲ್ಫಿನವರಿಗೂ ಗೊತ್ತು. ಗುರಿಯ ಕುಳಿಯ ಸುತ್ತ ಚಾಪೆಯಂತೆ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿರುತ್ತದೆ, ಗ್ರೀನ್ ಎನ್ನುವುದು. ಮುಂಚೆ ಅಲ್ಲಿ ಬೇರೆಯವರ ಬೂಟಿನ ಮೊಳೆಯಿಂದ ಹುಲ್ಲು ಎದ್ದಿದ್ದರೂ ಆಟಗಾರ ಅದನ್ನು ಮುಟ್ಟಿ ಸರಿಮಾಡುವಂತಿರಲಿಲ್ಲ. 2019ರಲ್ಲಿ ಕಾಯಿದೆಗಳನ್ನು ದೊಡ್ಡದಾಗಿ ತಿದ್ದಿದಾಗ, ಅಲ್ಲಿ ಬೂಟು ಮಾಡಿದ ಗಾಯವನ್ನು ಸರಿಮಾಡಿಕೊಂಡು ಆಡಬಹುದು ಎಂದರು. ಅಂಗಳದಲ್ಲಿ ಒಪ್ಪಿದ್ದನ್ನು ತೋಟದಲ್ಲಿ ಒಪ್ಪಲಿಲ್ಲ.

ಕಾಯಿದೆ ಎಂದರೆ ಆಕಾಶದಿಂದ ಇಳಿದದ್ದಲ್ಲ ಎಂಬುದು ನಮ್ಮ ಹೆಂಗಸರಿಗೆ ಚೆನ್ನೆಮಣೆಯಿಂದಲೇ ಗೊತ್ತು. ಏಳು ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಹುಣಸೆಬೀಜ. ಸಾಗರದ ಕಡೆ ಕೆಲವರು ಅಳಗುಳಿಮಣೆ ಎನ್ನುತ್ತಾರೆ. ಒಂದೊಂದೇ ಬೀಜ ಬಿತ್ತುತ್ತ ಹೋಗುವುದು, ಖಾಲಿ ಗುಳಿ ಎದುರಾದರೆ ಅದರಾಚೆಯದನ್ನು ಬಾಚಿಕೊಳ್ಳುವುದು. ಇಷ್ಟು ಎಲ್ಲ ಕಡೆಯೂ ಒಂದೇ. ಆಮೇಲೆ ಮನೆಮನೆಗೆ ಕಾಯಿದೆ ಬೇರೆ. ಬಿತ್ತುವಾಗ ಗುಳಿಯಲ್ಲಿ ನಾಲ್ಕು ಕೂಡಿದರೆ ಗುಳಿಯ ಒಡತಿ ಆಗಲೇ ಎತ್ತಿಕೊಳ್ಳಬಹುದು ಎನ್ನುವ ಮನೆಗಳಿವೆ, ಕೂಡದೆನ್ನುವ ಮನೆಗಳೂ ಇವೆ. ನಮ್ಮ ಅಜ್ಜಿ ಶೃಂಗೇರಿ ಕಡೆಯಿಂದ ಮೇಗರವಳ್ಳಿಗೆ ಸೊಸೆಯಾಗಿ ಬಂದವಳು. ಬಂದ ಮೊದಲ ಆಷಾಢದಲ್ಲಿ ಮಣೆ ಮುಂದೆ ಕೂತಾಗಲೇ "ತವರ್ಮನೆ ಕಾಯಿದೆ ಇಲ್ಲಿ ನಡೆಯೋದಿಲ್ಲ" ಎಂದು ಅವಳ ಅತ್ತೆ ಹೇಳಿದ್ದರಂತೆ. ಅಜ್ಜಿ ಅದನ್ನು ಎಂಬತ್ತು ದಾಟಿದ ಮೇಲೂ ನಗುತ್ತ ಹೇಳುತ್ತಿದ್ದಳು. ಹುಟ್ಟಿದ ಮನೆಯಲ್ಲೇ ಸಾಯುವ ಗಂಡಸಿಗೆ ಆ ಮನೆಯ ರೀತಿಯೇ ಲೋಕದ ರೀತಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಮನೆ ಬದಲಾಯಿಸಿದವಳಿಗೆ ಮಾತ್ರ, ಇದು ಹೀಗೂ ಇರಬಹುದು ಹಾಗೂ ಇರಬಹುದು ಎಂದು ಗೊತ್ತಿರುತ್ತದೆ.

ನಮ್ಮ ಮನೆಯ ಚೆನ್ನೆಯಲ್ಲಿ ಇನ್ನೊಂದು ಕಾಯಿದೆ ಇತ್ತು, ಬಹಳ ಕಡೆ ಇದೆ. ಒಂದು ಆಟ ಸೋತವಳು ಕೈಯಲ್ಲಿ ಉಳಿದ ಬೀಜದಿಂದ ಎಷ್ಟು ಗುಳಿ ತುಂಬಿಸಬಲ್ಲಳೋ ಅಷ್ಟನ್ನೇ ಇಟ್ಟುಕೊಂಡು ಮುಂದಿನ ಆಟಕ್ಕೆ ಕೂರಬೇಕು. ಉಳಿದ ಗುಳಿಗಳು ಬಂದ್. ಸೋತವಳು ಕಡಿಮೆ ನೆಲದಿಂದ ಶುರು ಮಾಡಬೇಕು, ಗೆದ್ದವಳಿಗೆ ಪೂರ್ತಿ ಏಳು. ನನ್ನ ತಂಗಿ ಐದು ವರ್ಷದವಳಿದ್ದಾಗ ಈ ಕಾಯಿದೆ ಕೇಳಿ ಮಣೆಯನ್ನೇ ಮಗುಚಿ ಹಾಕಿದ್ದಳು. ಘಟ್ಟದ ಕೆಳಗೆ ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರ ಕತೆ ಬರುತ್ತದೆ. ಚೆನ್ನೆ ಆಡುತ್ತ ಜಗಳ ಹುಟ್ಟಿ, ಒಬ್ಬಳು ಮಣೆಯಿಂದ ಹೊಡೆದು ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಅಮ್ಮ ಗದರುತ್ತಿದ್ದದ್ದು ಅದಕ್ಕೇ ಇರಬೇಕು. ಆಟ ಎಂದು ಹಗುರ ಮಾಡುವಂತಿಲ್ಲ.

ಸೋತವರು ಕಾಯಿದೆಯನ್ನು ದೂರಿದರೆ ಲೋಕ ನಗುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು. ಗಾದೆ ಏನೋ ಇದೆ, ಆದರೆ ನೆಲ ನಿಜವಾಗಿಯೂ ಡೊಂಕಿದ್ದರೆ ಅದನ್ನು ಮೊದಲು ಕಂಡುಹಿಡಿಯುವವಳು ಕುಣಿಯುವವಳೇ ಅಲ್ಲವೆ? ಕಟ್ಟೆಯ ಮೇಲೆ ಕೂತು ನೋಡುವವರಿಗೆ ಹೇಗೆ ತಿಳಿಯಬೇಕು? ಲೀತ್‌ನಲ್ಲಿ ಆ ಹದಿಮೂರು ಕಾಯಿದೆ ಬರೆದ ಮಹನೀಯರ ಕ್ಲಬ್ಬು ಈಗ ಮ್ಯೂರ್‌ಫೀಲ್ಡ್ ಎಂಬಲ್ಲಿದೆ. ಅಲ್ಲಿ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಬೇಕೋ ಬೇಡವೋ ಎಂದು 2016ರಲ್ಲಿ ಮತ ಹಾಕಿದಾಗ ಬೇಕಾದಷ್ಟು ಮತ ಬೀಳಲಿಲ್ಲ. 2017ರಲ್ಲಿ ಮತ್ತೊಮ್ಮೆ ಹಾಕಿ ಒಪ್ಪಿದರು. 1744ರಿಂದ ಲೆಕ್ಕ ಹಾಕಿ ನೋಡಿ. ಬೇಡ, ಹಾಕಿದರೆ ಸುಮ್ಮನೆ ಸಿಟ್ಟು ಬರುತ್ತದೆ.

ಸೋತವಳ ದೂರಿನಿಂದ ಕಾಯಿದೆ ಬದಲಾದದ್ದೂ ಉಂಟು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಲೆಕ್ಸಿ ಥಾಂಪ್ಸನ್ ಎಂಬ ಹುಡುಗಿ ದೊಡ್ಡ ಪಂದ್ಯವೊಂದರ ಕೊನೆಯ ದಿನ ಎಲ್ಲರಿಗಿಂತ ಮುಂದಿದ್ದಳು. ಹಿಂದಿನ ದಿನ ಅವಳು ಚೆಂಡು ಎತ್ತಿ ಮತ್ತೆ ಇಡುವಾಗ ಒಂದು ಅಂಗುಲದಷ್ಟು ಆಚೀಚೆ ಇಟ್ಟಿದ್ದಳು. ಟಿವಿ ನೋಡುತ್ತ ಕೂತಿದ್ದ ಪುಣ್ಯಾತ್ಮರೊಬ್ಬರು ಅದನ್ನು ಮಿಂಚಂಚೆ ಬರೆದು ತಿಳಿಸಿದರು. ಜಾಗ ತಪ್ಪಿಸಿದ್ದಕ್ಕೆ ಎರಡು, ತಪ್ಪಾದ ಲೆಕ್ಕಕ್ಕೆ ಸಹಿ ಹಾಕಿದ್ದಕ್ಕೆ ಇನ್ನೆರಡು, ಒಟ್ಟು ನಾಲ್ಕು ಹೊಡೆತದ ದಂಡ. ಅದನ್ನು ಅವಳಿಗೆ ತಿಳಿಸಿದ್ದು ಮರುದಿನ, ಆಟದ ನಡುವೆ. ಅವಳು ಅಳುತ್ತಲೇ ಆಡಿ ಸಮ ಮಾಡಿದಳು, ಕೊನೆಗೆ ಹೆಚ್ಚುವರಿ ಆಟದಲ್ಲಿ ಸೋತಳು. 2018ರಿಂದ ಮನೆಯಲ್ಲಿ ಕೂತವರ ದೂರನ್ನು ತೆಗೆದುಕೊಳ್ಳುವುದು ನಿಂತಿತು, ಗೊತ್ತಿಲ್ಲದೆ ತಪ್ಪು ಸಹಿ ಹಾಕಿದ್ದಕ್ಕೆ ಇದ್ದ ಎರಡನೆಯ ದಂಡವೂ ಹೋಯಿತು. ಆದರೆ ಅವಳ ಸೋಲು ಸೋಲಾಗಿಯೇ ಉಳಿಯಿತು. ಹೊಸ ಕಾಯಿದೆ ಮುಂದೆ ಬರುವವರಿಗೆ.

ನಾನು ತಮ್ಮನ ಮಗನನ್ನು ಕೆಣಕಲೆಂದೇ ಕೇಳಿದೆ: "ಡಿವಟ್ ಕಾಯಿದೆ ಅನ್ಯಾಯ ಅಂತಿ. ಹಾಗಾದ್ರೆ ಯಾರೂ ನೋಡದಾಗ ಚೆಂಡನ್ನ ಸ್ವಲ್ಪ ಆಚೆ ನೂಕ್ತಿಯನಾ?"

ಅವನ ಮುಖ ಕೆಂಪಾಯಿತು. "ಛೆ, ಎಂಥ ಮಾತು ಅತ್ತೆ! ಇವತ್ತಿನ ಆಟ ಇವತ್ತಿನ ಕಾಯಿದೆಗೆ. ಬದಲಾಯ್ಸಬೇಕು ಅಂದ್ರೆ ನಾಳೆ ಆಟಕ್ಕೆ ಬದಲಾಯ್ಸಲಿ."

ಮಾತು ನನಗೆ ಹಿಡಿಸಿತು. ಹುಡುಗನ ಬೆಳೆ ಚೆನ್ನಾಗಿ ಬಂದಿದೆ ಅಂದುಕೊಂಡೆ. ಈ ಆಟದ ಹಿರಿಮೆಯೂ ಅದೇ ಅಂತೆ. ಹೆಚ್ಚಿನ ಸಂದರ್ಭದಲ್ಲಿ ಪಕ್ಕದಲ್ಲಿ ತೀರ್ಪುಗಾರನಿರುವುದಿಲ್ಲ, ತನ್ನ ದಂಡವನ್ನು ತಾನೇ ಹೇಳಿಕೊಳ್ಳಬೇಕು. ಬಾಬಿ ಜೋನ್ಸ್ ಎಂಬ ದೊಡ್ಡ ಆಟಗಾರ 1925ರಲ್ಲಿ ಹಾಗೆ ಹೇಳಿಕೊಂಡು ಪಂದ್ಯ ಕಳೆದುಕೊಂಡ. ಚೆಂಡು ಕೂದಲೆಳೆಯಷ್ಟು ಅಲುಗಿದ್ದನ್ನು ನೋಡಿದವನು ಅವನೊಬ್ಬನೇ. ಹೊಗಳಲು ಬಂದವರಿಗೆ, ಬ್ಯಾಂಕು ದೋಚಲಿಲ್ಲವೆಂದು ಯಾರನ್ನಾದರೂ ಹೊಗಳುತ್ತೀರಾ ಎಂಬರ್ಥದ ಮಾತು ಹೇಳಿದನಂತೆ. ಕಾಯಿದೆಯನ್ನು ಪ್ರಶ್ನಿಸುವವರು ಕಾಯಿದೆ ಮುರಿಯುವವರೇ ಆಗಿರಬೇಕಿಲ್ಲ. ಮುರಿಯುವವರಿಗೆ ಅದನ್ನು ಬದಲಾಯಿಸುವ ದರ್ದಾದರೂ ಏನು?

ಇವತ್ತಿನದು ಇವತ್ತಿಗೆ, ಬದಲಾವಣೆ ನಾಳೆಗೆ. ಇದಕ್ಕಿಂತ ನ್ಯಾಯವಾದ ಮಾತು ಇಲ್ಲ ಎಂದುಕೊಂಡು ರಾತ್ರಿ ಮಲಗಿದೆ. ನಿದ್ದೆ ಬರಲಿಲ್ಲ. ನಾಳೆ ಇನ್ನೊಂದು ಆಟ ಇರುವವರಿಗೆ ಅದು ನ್ಯಾಯ. ಸ್ಟುವರ್ಟ್‌ಗೆ 1999 ಇತ್ತು. ಅದೇ ಪಂದ್ಯವನ್ನು ಮರುವರ್ಷ ಗೆದ್ದ. ಒಂದೇ ಆಟ ಇರುವವರು ಏನು ಮಾಡಬೇಕು?

ನಾನು ಮದುವೆಯಾಗಿ ಸಾಗರಕ್ಕೆ ಬಂದದ್ದು 1991ರಲ್ಲಿ. ತಂಗಿಯ ಮದುವೆ 1996ರಲ್ಲಿ. ನಡುವೆ 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೊಸ ಕಾಯಿದೆ ಜಾರಿಗೆ ಬಂತು: ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಅದಕ್ಕೆ ಮೊದಲು, 1956ರ ಕಾಯಿದೆಯಂತೆ ತಂದೆಯ ಪಾಲಿಗೆ ಬಂದದ್ದರಲ್ಲಿ ಒಂದು ಚೂರು ಇತ್ತೇ ಹೊರತು ಸಮಪಾಲು ಇರಲಿಲ್ಲ. ಹೊಸ ಕಾಯಿದೆಯಲ್ಲೂ ಒಂದು ಗೆರೆ ಇತ್ತು. ಅದು ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸದು. ಒಂದೇ ತಾಯಿಯ ಮಕ್ಕಳು, ಒಂದೇ ಜಗಲಿಯಲ್ಲಿ ಚೆನ್ನೆ ಆಡಿದವರು. ಅವಳಿಗೆ ಏಳು ಗುಳಿ, ನನಗೆ ಬಂದ್. ನನ್ನ ಆಟ ಶುರುವಾಗಿಬಿಟ್ಟಿತ್ತಲ್ಲ!

ಅಪ್ಪ 2001ರಲ್ಲಿ ತೀರಿಕೊಂಡರು. ತೋಟ ಪಾಲಾಗಲಿಲ್ಲ, ಕೇಳುವುದು ಯಾರಿಗೂ ಹೊಳೆಯಲಿಲ್ಲ. ಖಾತೆ ತಮ್ಮನ ಹೆಸರಿಗಾಯಿತು. ಗೌರಿ ಹಬ್ಬಕ್ಕೆ ಬಾಗಿನ ತಪ್ಪದೆ ಬರುತ್ತಿತ್ತು. ಬೇಸಿಗೆಯಲ್ಲಿ ಮಕ್ಕಳನ್ನು ಕರೆದೊಯ್ಯುತ್ತಿದ್ದ. ಹೊರಡುವಾಗ ಬಾಳೆಗೊನೆ, ಕಾಳುಮೆಣಸು, ಜೇನು. ತಮ್ಮ ಒರಟನಲ್ಲ, ಹೆಂಟೆ ಕೂರಿಸಿ ಹೋಗುವ ಜಾತಿಯವನೇ. ಆದರೆ ಬಾಗಿನ ಮರ್ಯಾದೆ, ಖಾತೆ ಕಾಯಿದೆ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕಾಯಿದೆ ಬದಲಾಯಿತು, ಮದುವೆಯ ಗೆರೆ ಅಳಿಸಿತು. ನನಗೂ ಪಾಲು ಬಂತು ಎಂದರು ತಿಳಿದವರು. 2015ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಆ ದಿನ ತಂದೆ ಬದುಕಿದ್ದರೆ ಮಾತ್ರ ಎಂದಿತು. ನಮ್ಮ ಅಪ್ಪ ಬದುಕಿರಲಿಲ್ಲ, ಮತ್ತೆ ಹೋಯಿತು. 2020ರ ಆಗಸ್ಟ್ 11ರಂದು ಅದೇ ಕೋರ್ಟು, ಹಕ್ಕು ಹುಟ್ಟಿನಿಂದ ಬರುವುದು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದಿತು. ಮತ್ತೆ ಬಂತು. ನಾನು ಈ ಹೊತ್ತಿನಲ್ಲೆಲ್ಲ ಸಾಗರದ ಅಡಿಗೆಮನೆಯಲ್ಲಿ ದೋಸೆ ಮಗುಚುತ್ತಿದ್ದೆ. ನನ್ನ ಚೆಂಡು ನಾನು ಮುಟ್ಟದೆಯೇ ಒಳಗೂ ಹೊರಗೂ ಓಡಾಡುತ್ತಿತ್ತು.

ಗೆರೆಯ ಮಾತು ಈಗ. 2005ರ ಕಾಯಿದೆಯೂ ಒಂದು ಗೆರೆ ಎಳೆದಿದೆ: 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನಲ್ಲಿ ತೀರ್ಮಾನವಾದ ಪಾಲುಪಟ್ಟಿಯನ್ನು ಮತ್ತೆ ಬಿಚ್ಚುವಂತಿಲ್ಲ. ಮುಗಿದ ಆಟ ಮುಗಿಯಿತು. ನಮ್ಮ ಪಕ್ಕದ ಮನೆಯಲ್ಲಿ ಆ ವರ್ಷದ ದೀಪಾವಳಿ ಕಳೆದ ಮೇಲೆ ಗಂಡುಮಕ್ಕಳೊಳಗೆ ಪಾಲಾಗಿ ನೋಂದಣಿಯೂ ಆಗಿತ್ತು. ಅಲ್ಲಿನ ಮೂವರು ಹೆಣ್ಣುಮಕ್ಕಳು ಗೆರೆಯಿಂದ ಕೆಲವು ದಿನ ಆಚೆ. ಲೆಕ್ಸಿಯ ಅಂಗುಲದ ಹಾಗೆ. ಗೆರೆ ಎಳೆಯದೆ ಇರಲು ಬರುವುದಿಲ್ಲ, ಎಲ್ಲೆಳೆದರೂ ಯಾರೋ ಒಬ್ಬಳು ಅದರಾಚೆ ನಿಂತಿರುತ್ತಾಳೆ, ನನಗೆ ಗೊತ್ತು. ಆದರೆ ಗೆರೆ ಎಳೆಯುವುದು ಕಷ್ಟ ಎನ್ನುವುದು ಗುಳಿಯನ್ನು ಹಾಗೇ ಬಿಡಲು ಕಾರಣವಾಗದು. ಡಿವಟ್ಟಿನ ಬಗ್ಗೆ ಗಾಲ್ಫಿನ ಹಿರಿಯರು ಹೇಳುವುದನ್ನು ಕೇಳಿದಾಗ ನನಗೆ ಕೋಪ ಬರುವುದು ಇಲ್ಲಿ. ಕಷ್ಟವಾದ ಗೆರೆಗಳನ್ನು ಅವರು ಬೇಕಾದಷ್ಟು ಎಳೆದಿದ್ದಾರೆ. ಕಳೆದ ಚೆಂಡನ್ನು ಹುಡುಕಲು ಮುಂಚೆ ಐದು ನಿಮಿಷ ಇತ್ತು, 2019ರಿಂದ ಮೂರು. ಮೂರೇ ಏಕೆ? ಯಾರನ್ನಾದರೂ ಕೇಳಿ.

ಇನ್ನು ಕಾಗದ. 1968ರಲ್ಲಿ ಅರ್ಜೆಂಟೀನದ ರಾಬರ್ಟೊ ಡಿ ವಿಚೆಂಜೊ ಎಂಬಾತ ಮಾಸ್ಟರ್ಸ್ ಪಂದ್ಯದಲ್ಲಿ ಹದಿನೇಳನೆಯ ಗುರಿಯನ್ನು ಮೂರು ಹೊಡೆತದಲ್ಲಿ ಮುಗಿಸಿದ್ದನ್ನು ಟಿವಿಯಲ್ಲಿ ಜನ ಕಣ್ಣಾರೆ ನೋಡಿದ್ದರು. ಲೆಕ್ಕ ಬರೆಯುತ್ತಿದ್ದ ಜೊತೆಯಾಟಗಾರ ನಾಲ್ಕು ಎಂದು ಬರೆದ, ಇವನು ನೋಡದೆ ಸಹಿ ಹಾಕಿದ. ಸಹಿಯಾದ ಮೇಲೆ ನಾಲ್ಕೇ ಸತ್ಯ. ಒಂದು ಹೊಡೆತದಿಂದ ಅವಕಾಶ ತಪ್ಪಿತು, ಅದೂ ಅವನ ಹುಟ್ಟುಹಬ್ಬದ ದಿನ. ಪಹಣಿಯಲ್ಲಿ ಇರುವುದೇ ಸತ್ಯ ಎಂದು ಗೊತ್ತಿರುವ ನಮಗೆ ಇದರಲ್ಲಿ ಹೊಸದೇನಿಲ್ಲ. ತಾಲ್ಲೂಕು ಕಛೇರಿ ಮೆಟ್ಟಿಲು ಹತ್ತಿದ ಯಾರಿಗೂ ಇಲ್ಲ.

2023ರ ಅಡಿಕೆ ಕೊಯ್ಲು ಮುಗಿದ ಮೇಲೆ ನಾವು ಮೂವರೂ ಕೂತೆವು. ಮಾತು ತೆಗೆದವಳು ತಂಗಿ. ತಮ್ಮ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಸುಲಭವಿತ್ತು. "ನಿಮ್ಮಿಬ್ಬರದು ತಪ್ಪು ಅಂತ ನಾ ಹೇಳೋದಿಲ್ಲ ಅಕ್ಕ. ಆದ್ರೆ ಇದು ನಂಗೆ ಅಂತ್ಲೇ ತಿಳ್ಕಂಡು ಇಪ್ಪತ್ತು ವರ್ಷ ಮಣ್ಣು ಹೊತ್ತೆ. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತ್ತು, ಅಪ್ಪ ಬೇಡ ಅಂದ್ರು, ಹೋಗ್ಲಿಲ್ಲ. ಈಗ ಕಾಯಿದೆ ಬೇರೆ ಅಂದ್ರೆ ನನ್ನ ಆಟ ಎಂಥದಾಯ್ತು?" ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಎಲೆಚುಕ್ಕಿ ರೋಗ ನಮ್ಮ ತೋಟಕ್ಕೂ ಬಂದಿದೆ. ಹೆಡೆಗಳು ಬೆಂಕಿ ಸೋಕಿದ ಹಾಗೆ ಒಣಗುತ್ತಿವೆ. ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. ಸೊಸೈಟಿ ಸಾಲ ಅವನ ಹೆಸರಲ್ಲಿದೆ. ಕಾಯಿದೆ ನಡುವೆ ಬದಲಾದಾಗ ಹಳೆಯ ಕಾಯಿದೆಯನ್ನು ನಂಬಿ ಆಡಿದವನಿಗೂ ನೋವಾಗುತ್ತದೆ. ಅವನ ಕಾಲಡಿಯ ನೆಲ ಅವನು ತೋಡಿದ್ದಲ್ಲ. ಹೆಣ್ಣುಮಕ್ಕಳ ಪರ ಬರೆಯುವವರು ಇದನ್ನು ಸುಮ್ಮನೆ ದಾಟಿ ಹೋಗುವುದನ್ನು ಓದಿದಾಗ ನನಗೆ ಸಮಾಧಾನವಾಗುವುದಿಲ್ಲ.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. "ನನ್ನ ಮಗಳಿಗೆ ಸಮಪಾಲು ಕೊಡೋದ್ರಲ್ಲಿ ಎರಡು ಮಾತಿಲ್ಲ. ಅದು ಬರೆದೇ ಇಡ್ತೀನಿ."

ಮಗನ ಮಾತೇ ಅಪ್ಪನ ಬಾಯಲ್ಲೂ ಬಂದಿತ್ತು. ನಾಳೆಯ ಆಟಕ್ಕೆ ಬದಲಾಯಿಸಲಿ. ನಾಳೆಗೆ ನ್ಯಾಯವಂತನಾಗುವುದು ಎಷ್ಟು ಸಲೀಸು! ಕಾಯಿದೆ ಬದಲಾಗಬೇಕೆಂದು ಮನಸಾರೆ ಒಪ್ಪುವ ಒಳ್ಳೆಯ ಮನುಷ್ಯನೇ, ಎದುರಿಗೆ ಗುಳಿಯಲ್ಲಿ ಕೂತ ಇಬ್ಬರನ್ನು ದಾಟಿ ಇನ್ನೂ ಮದುವೆಯಾಗದ ಮಗಳ ಕಡೆ ನೋಡುತ್ತಾನೆ. ಈ ಮಾತನ್ನು ನಾನು ಅವನಿಗೆ ಹೇಳಿದೆ, ಇಷ್ಟು ಜೋಡಿಸಿ ಹೇಳಲು ಆಗಲಿಲ್ಲ. "ನಂಗೆ ನಾಳೆ ಇಲ್ಲ ಮಾರಾಯ, ನಂಗೆ ಅರವತ್ತು ಹತ್ರ ಬಂತು" ಎಂದೆ. ತಂಗಿ ನಕ್ಕಳು, ಅವನು ನಗಲಿಲ್ಲ.

ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿ ಆಗ ಮೊದಲ ಸಲ ಮಾತಾಡಿದಳು. "ನಾ ನನ್ನ ತವರಲ್ಲಿ ಕೇಳ್ಲಿಲ್ಲ" ಎಂದಳು. ಅಷ್ಟೇ. ದೂರಿದಳೋ, ಬುದ್ಧಿ ಹೇಳಿದಳೋ, ಇಲ್ಲಾ ತನ್ನದೊಂದು ಗುಳಿಯನ್ನು ತೋರಿಸಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಲ್ಲಿ ಕೇಳದವಳು ಇಲ್ಲಿ ಕಳೆದುಕೊಳ್ಳಬೇಕು. ಲೆಕ್ಕ ಅವಳಿಗೆ ಎರಡು ಕಡೆಯೂ ಸೋಲು. ನಾನು ಅವಳ ತವರಿನ ಸರ್ವೆ ನಂಬರು ಕೇಳಿದೆ. ತಮಾಷೆ ಎಂದುಕೊಂಡಳು. ನಾನು ತಮಾಷೆಗೆ ಕೇಳಿದ್ದಲ್ಲ. ಆಮೇಲೆ ಒಂದು ದಿನ ಅವಳೇ ಫೋನು ಮಾಡಿ, ಅವಳ ತಂದೆಯ ಪಾಲುಪಟ್ಟಿ ನೋಂದಣಿಯಾದದ್ದು ಯಾವ ವರ್ಷ ಎಂದು ಪತ್ತೆ ಮಾಡುವುದು ಹೇಗೆ ಎಂದು ಕೇಳಿದಳು.

ತಂಗಿಗೆ ಅಡಿಕೆ ಬೇಡ, ಪಹಣಿಯಲ್ಲಿ ಹೆಸರು ಬೇಕು. ತಮ್ಮನಿಗೆ ಹೆಸರು ಸೇರಿಸಲು ಅಭ್ಯಂತರವಿಲ್ಲ, ಆದರೆ ಪ್ರತಿ ಸಲ ಸಾಲಕ್ಕೆ ಮೂವರ ಸಹಿ ಬೇಕಾಗುತ್ತದೆ, ಸಾಗರ ಬೆಂಗಳೂರು ಅಲೆಯುವುದು ಯಾರು ಎನ್ನುತ್ತಾನೆ. ನಾನು ಮನೆಯ ಹಿಂದಿನ ಸಣ್ಣ ತುಂಡೊಂದನ್ನು ಬೇರೆ ಮಾಡಿಕೊಡು, ಸಾಲದಲ್ಲೂ ರೋಗದಲ್ಲೂ ಅದಕ್ಕೆ ಸೇರಿದಷ್ಟನ್ನು ನಾನು ಹೊರುತ್ತೇನೆ ಎಂದೆ. ಗೆಲುವಿನ ಪಾಲು ಕೇಳಿ ದಂಡದ ಪಾಲು ಬೇಡ ಎನ್ನುವುದು ಚೆಂಡು ಸರಿಸಿದ ಹಾಗೆಯೇ. ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ಮಳೆ ಬಿಟ್ಟ ಮೇಲೆ ಸರ್ವೆಯವರು ಬರುತ್ತಾರಂತೆ. ತಂಗಿ ಬೆಂಗಳೂರಿನಿಂದ ವಾರಕ್ಕೊಮ್ಮೆ ಫೋನು ಮಾಡಿ, ಎಲೆಚುಕ್ಕಿಗೆ ಎರಡನೆಯ ಔಷಧಿ ಹೊಡೆಸಿದ್ದಾಯಿತೋ, ನಮ್ಮಿಬ್ಬರ ಪಾಲಿನ ಖರ್ಚು ಎಷ್ಟು ಎಂದು ತಮ್ಮನನ್ನು ಪೀಡಿಸುತ್ತಿದ್ದಾಳೆ. ಅವನು ಲೆಕ್ಕ ಬರೆದಿಟ್ಟಿದ್ದಾನೆ, ಇನ್ನೂ ಕಳಿಸಿಲ್ಲ.